ನೋವನ್ನು ಮುಚ್ಚಿಡದ ಚಿತ್ರ

ಸಜ್ಜೆ ಹೂ ಬಿಡುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಮಳೆ ನಾಲ್ಕಾರು ದಿನ ಹಿಡಿದುಕೊಂಡರೆ ಏನಾಗುತ್ತದೆಂಬುದನ್ನು ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ನಮ್ಮ ರೈತಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ತೆನೆಯ ಮೇಲೆ ಜೇನಿನಂಥ ಅಂಟು ಒಸರುತ್ತದೆ; ಕೈಗೂ ಬಟ್ಟೆಗೂ ಮೆತ್ತಿಕೊಳ್ಳುತ್ತದೆ. ಮುಂದೆ ಕಾಳು ಕಟ್ಟಬೇಕಾದ ಜಾಗದಲ್ಲಿ ಕಪ್ಪು ಛಾಯೆಯ ಗಟ್ಟಿ ಗಂಟುಗಳು ಮೂಡುತ್ತವೆ. ಕೃಷಿ ಇಲಾಖೆಯವರು ಇದನ್ನು ಎರ್ಗಾಟ್ ರೋಗವೆನ್ನುತ್ತಾರೆ. ಇದಕ್ಕೆ ಕಾರಣ ಬೂಷ್ಟಿನ ಬಳಗದ ಒಂದು ಶಿಲೀಂಧ್ರ. ಆ ಗಂಟುಗಳು ಕಾಳಿನೊಡನೆ ಬೆರೆತು ಹಿಟ್ಟಾದರೆ ಉಂಡವರಿಗೆ ವಾಕರಿಕೆ, ವಾಂತಿ, ತಲೆಸುತ್ತು, ಮಂಪರು ಬರುತ್ತವೆ. ಕಾಳನ್ನು ಉಪ್ಪುನೀರಿನಲ್ಲಿ ಹಾಕಿದರೆ ಒಳ್ಳೆಯ ಕಾಳು ತಳಕ್ಕಿಳಿದು ರೋಗದ ಗಂಟು ಮೇಲೆ ತೇಲುತ್ತದೆ. ತೇಲಿದ್ದನ್ನು ತೆಗೆದು ಚೆಲ್ಲುವುದು ಬಹಳ ಹಿಂದಿನಿಂದ ನಡೆದುಬಂದ ಉಪಾಯ.

ಈ ತಿಂಗಳ ಪಾಠ ಚಿತ್ರಕಲೆ ಮತ್ತು ಮೌನದ ನೋಟವನ್ನು ಕುರಿತದ್ದು. ಅದನ್ನು ಸಜ್ಜೆಯ ತೆನೆಯಿಂದ ಆರಂಭಿಸಿದ್ದೇಕೆಂದು ವಾಚಕರು ಕೇಳಬಹುದು. ಕಾರಣವಿದೆ. ಇದೇ ಶಿಲೀಂಧ್ರದ ದಾಯಾದಿಯೊಂದು ಯುರೋಪಿನಲ್ಲಿ ಶತಮಾನಗಳ ಕಾಲ ಬಡವರ ಕೈಕಾಲುಗಳನ್ನು ತಿಂದಿತು. ಆ ರೋಗಿಗಳಿಗಾಗಿ ಸುಮಾರು 500 ವರ್ಷಗಳ ಹಿಂದೆ ಬರೆದ ಒಂದು ಚಿತ್ರಸಮೂಹ ಇಂದಿಗೂ ಉಳಿದಿದೆ. ಚಿತ್ರದಿಂದ ನೋವು ಶಮನವಾಗುತ್ತದೆಯೇ, ಆಗುವುದಾದರೆ ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗೆ ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ಬೇರೆಲ್ಲೂ ನಮಗೆ ಕಂಡಿಲ್ಲ.

ಯುರೋಪಿನ ಚಳಿಯ ಸೀಮೆಗಳಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಾರೆ. ಹೆಸರು ರಾಗಿಗೆ ಹತ್ತಿರವಾದರೂ ಅದು ಗೋಧಿಯ ಬಳಗದ್ದು. ಬಡ ಭೂಮಿಯಲ್ಲಿಯೂ ಬರುತ್ತದೆ, ಹಿಮವನ್ನೂ ತಡೆಯುತ್ತದೆ. ಅಲ್ಲಿ ಗೋಧಿಯ ರೊಟ್ಟಿ ಉಳ್ಳವರದು, ರೈ ರೊಟ್ಟಿ ಇಲ್ಲದವರದು. ತೇವ ಹೆಚ್ಚಾದ ವರ್ಷ ರೈ ತೆನೆಯಲ್ಲಿ ಕಪ್ಪು ಕೊಂಬಿನಂಥ ಗಂಟುಗಳು ಕಾಣಿಸಿಕೊಳ್ಳುತ್ತಿದ್ದವು. ಹಳೆಯ ಕಾಳು ತೀರಿ ಹಸಿದು ಕುಳಿತ ಜನ ಹೊಸ ಕಾಳನ್ನು ಹಸನು ಮಾಡದೆ ಬೀಸಿ ತಿನ್ನುತ್ತಿದ್ದರು. ಸಜ್ಜೆಯ ಗಂಟಿಗಿಂತ ರೈ ಧಾನ್ಯದ ಗಂಟಿನ ವಿಷ ಬಹಳ ಉಗ್ರ. ರಕ್ತನಾಳಗಳು ಸಂಕುಚಿತಗೊಂಡು ಬೆರಳು, ಪಾದ, ಅಂಗೈಗಳಿಗೆ ರಕ್ತ ನಿಲ್ಲುತ್ತಿತ್ತು. ಮೊದಲು ಒಳಗೆ ಕೆಂಡ ಸುರಿದಂಥ ಉರಿ. ಆಮೇಲೆ ಅಂಗ ಕಪ್ಪಾಗಿ, ಒಣಗಿ, ಎಷ್ಟೋ ಸಲ ತಾನಾಗಿಯೇ ಕಳಚಿ ಬೀಳುತ್ತಿತ್ತು. ಕೆಲವರಿಗೆ ಸೆಳೆತ ಬರುತ್ತಿತ್ತು, ಇಲ್ಲದ್ದು ಕಣ್ಣಿಗೆ ಕಾಣುತ್ತಿತ್ತು. ರೊಟ್ಟಿಯೇ ಇದಕ್ಕೆ ಕಾರಣವೆಂಬುದು ಆ ಜನಕ್ಕೆ ತಿಳಿದಿರಲಿಲ್ಲ. 1676ರಲ್ಲಿ ಫ್ರಾನ್ಸಿನ ದೆನಿ ದೊದಾರ್ ಎಂಬ ವೈದ್ಯ ರೈ ಧಾನ್ಯದ ಕಪ್ಪು ಗಂಟಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ವಿದ್ವತ್ ಸಭೆಗೆ ಬರೆದು ತಿಳಿಸಿದ. ಆ ಗಂಟು ಒಂದು ಶಿಲೀಂಧ್ರವೆಂದು ಅದರ ಜೀವನಚಕ್ರ ಸಮೇತ ತೋರಿಸಿಕೊಟ್ಟದ್ದು 1853ರಲ್ಲಿ, ಲೂಯಿ ತುಲಾನ್ ಎಂಬ ಸಸ್ಯಶಾಸ್ತ್ರಜ್ಞ. ಅಲ್ಲಿಯವರೆಗೆ ಜನ ಇದನ್ನು ‘ಸಂತ ಅಂತೋಣಿಯ ಬೆಂಕಿ’ ಎಂದು ಕರೆದು, ದೈವದ ಕೋಪವೆಂದು ತಲೆಬಾಗಿದ್ದರು.

ಈ ಅಂತೋಣಿ ಈಜಿಪ್ಟಿನ ಮರುಭೂಮಿಯಲ್ಲಿ ಮೂರು-ನಾಲ್ಕನೆಯ ಶತಮಾನದಲ್ಲಿ ಬಾಳಿದ ವಿರಕ್ತ. ನಮ್ಮ ಕಡೆಯ ಕ್ರೈಸ್ತರಲ್ಲಿ ಹೆಚ್ಚು ಪ್ರಸಿದ್ಧನಾದ ಪಡುವಾ ಊರಿನ ಅಂತೋಣಿ ಬೇರೆ. ಮರುಭೂಮಿಯ ಅಂತೋಣಿಯ ಹೆಸರಿನಲ್ಲಿ ಫ್ರಾನ್ಸಿನ ದೋಫಿನೆ ಪ್ರಾಂತದಲ್ಲಿ 1095ರ ಸುಮಾರಿಗೆ ಒಂದು ಸೇವಾಸಂಘ ಹುಟ್ಟಿತು. ಬೆಂಕಿರೋಗದವರನ್ನು ಸಾಕಿ ಸಲಹುವುದೇ ಅವರ ಕಾಯಕ. ಆ ಸಂಘದ ಮಠ-ಆಸ್ಪತ್ರೆಗಳು ಯುರೋಪಿನ ಉದ್ದಗಲಕ್ಕೆ ಹಬ್ಬಿದವು. ಅವುಗಳಲ್ಲೊಂದು ಆಲ್ಸಾಸ್ ಪ್ರಾಂತದ ಈಸೆನ್‌ಹೈಮ್ ಎಂಬ ಹಳ್ಳಿಯಲ್ಲಿತ್ತು. ಇದು ಇಂದಿನ ಫ್ರಾನ್ಸಿನಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಸೀಮೆ. ಆಲ್ಸಾಸ್ ಕೂಡ ಗಡಿನಾಡೇ. 1871ರಲ್ಲಿ ಜರ್ಮನಿಗೆ, ಮೊದಲ ಮಹಾಯುದ್ಧದ ನಂತರ ಫ್ರಾನ್ಸಿಗೆ, ಎರಡನೆಯ ಯುದ್ಧದಲ್ಲಿ ಮತ್ತೆ ಜರ್ಮನಿಗೆ, ಕೊನೆಗೆ ಫ್ರಾನ್ಸಿಗೆ ಎಂದು ಕೈ ಬದಲಾಯಿಸುತ್ತ ಬಂತು. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿ ಅಲ್ಲಿನವರಿಗೂ ಗೊತ್ತು.

ಆ ಮಠದಲ್ಲಿ ರೋಗಿಗೆ ಏನು ಚಿಕಿತ್ಸೆ ಸಿಗುತ್ತಿತ್ತು? ಸಂತನ ಅಸ್ಥಿಗಳ ಮೇಲೆ ಸುರಿದ ದ್ರಾಕ್ಷಾರಸವನ್ನು ಪ್ರಸಾದವಾಗಿ ಕೊಡುತ್ತಿದ್ದರು. ಗಿಡಮೂಲಿಕೆಯ ಲೇಪ ಹಚ್ಚುತ್ತಿದ್ದರು. ಕೊಳೆತ ಅಂಗವನ್ನು ಶಸ್ತ್ರವೈದ್ಯರು ಕತ್ತರಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯ ಗೋಧಿಯ ರೊಟ್ಟಿ ಕೊಡುತ್ತಿದ್ದರು. ಇಂದಿನ ತಿಳಿವಳಿಕೆಯಿಂದ ನೋಡಿದರೆ ನಿಜವಾದ ಮದ್ದು ಆ ರೊಟ್ಟಿಯೇ. ವಿಷದ ರೈ ಹೊಟ್ಟೆಗೆ ಹೋಗುವುದು ನಿಂತಿತು, ಉರಿ ಇಳಿಯಿತು. ಕೊಟ್ಟವರಿಗೂ ಅದು ತಿಳಿಯದು, ಉಂಡವರಿಗೂ ತಿಳಿಯದು. ಹಸಿದು ಬಂದವನಿಗೆ ಮನೆಯ ಒಳ್ಳೆಯ ಅನ್ನವನ್ನೇ ಬಡಿಸಬೇಕೆಂಬ ದಾಸೋಹದ ಬುದ್ಧಿ ವೈದ್ಯಶಾಸ್ತ್ರಕ್ಕಿಂತ ಮುಂಚೆಯೇ ಸರಿಯಾದ ಜಾಗ ಮುಟ್ಟಿತ್ತು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಚಿತ್ರದ ಕೆಲಸವೇನು? ರೊಟ್ಟಿ ವಿಷವನ್ನು ನಿಲ್ಲಿಸೀತು, ಕಳೆದ ಕಾಲನ್ನು ತಂದುಕೊಡಲಾರದು. ಉತ್ತು ಬಿತ್ತುವ ಒಕ್ಕಲಿಗ ಒಂದೇ ಕಾಲಿನಲ್ಲಿ ಮನೆಗೆ ಮರಳಬೇಕು. ಇನ್ನು ನನ್ನದೇನು ಉಳಿಯಿತು, ಯಾರಿಗೆ ಬೇಕಾದೇನು ಎಂದು ಅವನು ಗೋಡೆ ನೋಡುತ್ತ ಮಲಗಿರುವಾಗ ಲೇಪವೂ ರೊಟ್ಟಿಯೂ ಅಲ್ಲಿಗೆ ಮುಟ್ಟುವುದಿಲ್ಲ. ಆ ಜಾಗಕ್ಕೆ ಮುಟ್ಟಲೆಂದು ಆ ಮಠದ ಹಿರಿಯ ಗೀದೊ ಗೆರ್ಸಿ ಎಂಬಾತ ಒಬ್ಬ ಚಿತ್ರಕಾರನನ್ನು ಕರೆಸಿದ. ಸುಮಾರು 1512ರಿಂದ 1516ರವರೆಗೆ ಕೆಲಸ ನಡೆಯಿತು.

ಆ ಚಿತ್ರಕಾರನನ್ನು ಲೋಕ ಮಥಿಯಾಸ್ ಗ್ರ್ಯೂನೆವಾಲ್ಡ್ ಎಂದು ಕರೆಯುತ್ತದೆ. ಅದು ಅವನ ಹೆಸರೇ ಅಲ್ಲ. 1675ರಲ್ಲಿ ಒಬ್ಬ ಗ್ರಂಥಕರ್ತ ಹಾಗೆ ಬರೆದ, ಹಾಗೆಯೇ ನಿಂತಿತು. ನಿಜವಾದ ಹೆಸರು ಮಾಥಿಸ್ ಗೋಟ್‌ಹಾರ್ಟ್. ನಿಟ್‌ಹಾರ್ಟ್ ಎಂದೂ ದಾಖಲೆಗಳಲ್ಲಿ ಇದೆ. ಚಿತ್ರ ಬರೆಯುವುದಲ್ಲದೆ ನೀರೆತ್ತುವ ಯಂತ್ರಗಳ ಕೆಲಸವನ್ನೂ ಬಲ್ಲವನು. 1528ರಲ್ಲಿ ಹಾಲೆ ಎಂಬ ಊರಿನಲ್ಲಿ ತೀರಿಕೊಂಡ. ಮುಂದೆ ಈ ಕೃತಿಯನ್ನೇ ಬೇರೊಬ್ಬ ಪ್ರಸಿದ್ಧ ಕಲಾವಿದ ಡ್ಯೂರರ್‌ನದೆಂದು ಜನ ಬಗೆದದ್ದೂ ಉಂಟು.

ಚಿತ್ರವಿರುವುದು ಮರದ ಹಲಗೆಗಳ ಮೇಲೆ. ಪೂಜಾವೇದಿಕೆಯ ಹಿಂದೆ ದೊಡ್ಡ ಕಪಾಟಿನಂತೆ ನಿಲ್ಲಿಸಿದ್ದರು. ಕಪಾಟಿಗೆ ಎರಡು ಜೊತೆ ಬಾಗಿಲುಗಳು, ಒಂದರ ಒಳಗೆ ಒಂದು. ಬಾಗಿಲು ಮುಚ್ಚಿದಾಗ ಒಂದು ನೋಟ. ಮೊದಲ ಜೊತೆ ತೆರೆದಾಗ ಎರಡನೆಯ ನೋಟ. ಅದನ್ನೂ ತೆರೆದರೆ ಮೂರನೆಯದು. ಸಾಮಾನ್ಯ ದಿನಗಳಲ್ಲಿ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಹಬ್ಬಗಳಲ್ಲಿ ತೆರೆಯುತ್ತಿದ್ದರು. ಮಠಕ್ಕೆ ಬಂದ ರೋಗಿಯನ್ನು ಮೊದಲು ಇದರ ಮುಂದೆ ಕರೆತರುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ.

ಉರಿಯುವ ಕಾಲು ಎಳೆಯುತ್ತ ಬಂದವನ ಕಣ್ಣಿಗೆ ಮೊದಲು ಬೀಳುತ್ತಿದ್ದುದೇನು? ಸಮಾಧಾನದ ಮುಖವಲ್ಲ, ಹೂಬಳ್ಳಿಯಲ್ಲ. ಸುಮಾರು 9 ಅಡಿ ಎತ್ತರ, 10 ಅಡಿ ಅಗಲದ ಕತ್ತಲೆ. ನಡುವೆ ಶಿಲುಬೆಗೇರಿದ ಯೇಸುವಿನ ಭಾರವಾದ ದೇಹ. ಅದರ ಭಾರಕ್ಕೆ ಅಡ್ಡಮರ ಬಿಲ್ಲಿನಂತೆ ಬಾಗಿದೆ. ಮೈಯ ಬಣ್ಣ ಹಸುರು ಕಲಸಿದ ಬೂದು. ತಲೆಯಿಂದ ಪಾದದವರೆಗೆ ಗಾಯ. ಗಾಯಗಳಲ್ಲಿ ಮುರಿದು ನಿಂತ ಮುಳ್ಳು. ಬೆರಳುಗಳು ಸೆಳೆತ ಹಿಡಿದು ಆಕಾಶದತ್ತ ಚಾಚಿಕೊಂಡಿವೆ. ಪಾದಗಳು ತಿರುಚಿ ಊದಿವೆ. ತುಟಿ ನೀಲಿಗಟ್ಟಿದೆ. ಎಡಕ್ಕೆ ಬಿಳಿ ಬಟ್ಟೆಯ ತಾಯಿ ಮೂರ್ಛೆ ಹೋಗುತ್ತಿದ್ದಾಳೆ. ಎಳೆಯ ಶಿಷ್ಯನೊಬ್ಬ ಅವಳನ್ನು ತೋಳಿನಲ್ಲಿ ಹಿಡಿದಿದ್ದಾನೆ. ಕಾಲಬಳಿ ಇನ್ನೊಬ್ಬ ಹೆಣ್ಣುಮಗಳು ಮೊಣಕಾಲೂರಿ ಕೈ ಹೊಸೆಯುತ್ತಿದ್ದಾಳೆ. ಬಲಕ್ಕೆ ನಿಂತ ಯೋಹಾನ ನೀಳ ತೋರುಬೆರಳಿನಿಂದ ಆ ದೇಹವನ್ನು ತೋರಿಸುತ್ತಿದ್ದಾನೆ. ಕಥೆಯ ಪ್ರಕಾರ ಆ ಯೋಹಾನ ಇದಕ್ಕೆ ಮೊದಲೇ ತೀರಿಕೊಂಡವನು. ಆದರೂ ಚಿತ್ರಕಾರ ಅವನನ್ನು ಅಲ್ಲಿ ನಿಲ್ಲಿಸಿದ, ಅವನ ಬೆರಳು ಬೇಕಾಗಿತ್ತೆಂದು. ನೋಡು, ಬೇರೆ ಕಡೆ ತಿರುಗಬೇಡ ಎನ್ನುವಂಥ ಬೆರಳು.

ಮೊದಲ ಸಲ ಈ ಚಿತ್ರದ ಮುದ್ರಿತ ಪ್ರತಿ ಕಂಡವರು ಮುಖ ತಿರುಗಿಸುವುದುಂಟು. ಇಷ್ಟು ಭೀಕರವಾದದ್ದನ್ನು ರೋಗಿಗೆ ತೋರಿಸುವುದೇ ಎನ್ನುತ್ತಾರೆ. ಆಸ್ಪತ್ರೆಯ ಗೋಡೆಗೆ ನಾವಾದರೆ ನಗುವ ಮಗುವಿನ ಚಿತ್ರವನ್ನೋ ಗುಲಾಬಿಯನ್ನೋ ಹಾಕುತ್ತೇವೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕೊಳೆತ ಕಾಲಿನವನ ಮುಂದೆ ಗುಲಾಬಿ ಹಿಡಿದರೆ ಅವನಿಗೆ ತಿಳಿಯುವುದೊಂದೇ: ಈ ಮನೆಯವರಿಗೆ ನನ್ನ ಕಾಲು ನೋಡಲು ಇಷ್ಟವಿಲ್ಲ. ಬೆಂಕಿರೋಗದವರನ್ನು ಊರಿನವರು ದೂರವಿಡುತ್ತಿದ್ದರು. ವಾಸನೆಗೆ ಮೂಗು ಮುಚ್ಚುತ್ತಿದ್ದರು. ಅಂಥವನು ಈ ಚಿತ್ರದ ಮುಂದೆ ನಿಂತಾಗ ತನ್ನದೇ ಚರ್ಮವನ್ನು, ತನ್ನದೇ ಸೆಟೆದ ಬೆರಳುಗಳನ್ನು, ಆ ಮಠದವರೆಲ್ಲ ದಿನವೂ ಕೈಮುಗಿಯುವ ದೇಹದ ಮೇಲೆ ಕಂಡ. ಅವನ ನೋವನ್ನು ಒಬ್ಬರು ಕಣ್ಣು ತಿರುಗಿಸದೆ, ವರ್ಷಗಟ್ಟಲೆ ಕುಳಿತು, ಕೂದಲೆಳೆಯ ಕುಂಚದಿಂದ ನೋಡಿದ್ದಾರೆ. ಚೆಲುವೆಂಬುದು ಇಲ್ಲಿ ಆ ನೋಡುವಿಕೆಯಲ್ಲಿದೆ ಎಂದು ನಮಗೆ ತೋರುತ್ತದೆ.

ಇನ್ನು ಬಾಗಿಲು ತೆರೆದಾಗಿನ ನೋಟ. ಶಿಲುಬೆಯನ್ನು ಚಿತ್ರಕಾರ ಹಲಗೆಯ ನಟ್ಟನಡುವೆ ಬರೆದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾನೆ. ಬಾಗಿಲು ತೆರೆಯುವಾಗ ಒಂದು ತೋಳು ದೇಹದಿಂದ ಬೇರೆಯಾಗುತ್ತದೆ. ಕೈ ಕತ್ತರಿಸಿಕೊಂಡವರು ಇದನ್ನು ನೋಡುತ್ತಿದ್ದರೆಂಬುದನ್ನು ಮನಸ್ಸಿನಲ್ಲಿಟ್ಟೇ ಹೀಗೆ ಮಾಡಿದನೆಂದು ಕೆಲವು ವಿದ್ವಾಂಸರು ಬರೆದಿದ್ದಾರೆ. ಕತ್ತಲೆ ಎರಡು ಹೋಳಾಗಿ ಸರಿದರೆ ಹಿಂದಿನಿಂದ ಬಣ್ಣದ ಹೊಳೆ ನುಗ್ಗುತ್ತದೆ. ದೇವದೂತರು ತಂತಿವಾದ್ಯ ನುಡಿಸುತ್ತಿದ್ದಾರೆ. ತಾಯಿಯ ತೊಡೆಯ ಮೇಲೆ ಮಗು. ಪಕ್ಕದಲ್ಲಿ ತೊಟ್ಟಿಲು, ಸ್ನಾನದ ತೊಟ್ಟಿ, ಬಾಣಂತಿ ಕೋಣೆಯ ಮಡಕೆ. ಮಗುವಿಗೆ ಸುತ್ತಿದ ಬಟ್ಟೆ ಹರಕು. ಶಿಲುಬೆಯ ದೇಹಕ್ಕೆ ಸುತ್ತಿದ್ದೂ ಅಂಥದೇ ಹರಕು. ಬಲತುದಿಯ ಹಲಗೆಯಲ್ಲಿ ಯೇಸು ಸಮಾಧಿಯಿಂದ ಮೇಲೇಳುತ್ತಿದ್ದಾನೆ. ಸುತ್ತಲೂ ಒಂದು ದೊಡ್ಡ ಬೆಳಕಿನ ಚಕ್ರ. ನಡುವೆ ಹಳದಿ, ಅಂಚಿಗೆ ಕೆಂಪು, ಆಮೇಲೆ ಇರುಳಿನ ನೀಲಿ. ಮುಖ ಆ ಬೆಳಕಿನಲ್ಲಿ ಕರಗುತ್ತಿದೆ. ಮೈಯ ಮೇಲೆ ಒಂದು ಹುಣ್ಣೂ ಇಲ್ಲ. ಮೊಳೆ ಹೊಡೆದ ಗಾಯಗಳು ಮಾತ್ರ ಹಾಗೆಯೇ ಇವೆ. ಅವುಗಳನ್ನು ಅಳಿಸಿಲ್ಲ, ಅಲ್ಲಿಂದಲೂ ಬೆಳಕು ಹೊರಡುತ್ತಿದೆ. ಕಾಲು ಮರಳಿ ಬರುತ್ತದೆಂದು ಚಿತ್ರಕಾರ ಸುಳ್ಳು ಹೇಳಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಮೂರನೆಯ ನೋಟದ ನಡುವೆ ಮರದ ಮೂರ್ತಿಗಳಿವೆ. ಇವು ಚಿತ್ರಕ್ಕಿಂತ ಹಳೆಯವು, ಹಾಗೆನಾವಿನ ನಿಕ್ಲಾಸ್ ಎಂಬ ಶಿಲ್ಪಿಯದು. ಎಡಬಲಕ್ಕೆ ಅಂತೋಣಿಯ ಬಾಳಿನ ಎರಡು ಪ್ರಸಂಗಗಳು. ಎಡಕ್ಕೆ ಇಬ್ಬರು ಮುದಿ ವಿರಕ್ತರು ಕಾಡಿನಲ್ಲಿ ಕುಳಿತು ಮಾತಾಡುತ್ತಿದ್ದಾರೆ. ಅವರ ಕಾಲಬಳಿ ಹುಲ್ಲಿನಂತೆ ಕಾಣುವ ಗಿಡಗಳನ್ನು ಸಸ್ಯಶಾಸ್ತ್ರ ಬಲ್ಲವರು ಒಂದೊಂದಾಗಿ ಗುರುತಿಸಿದ್ದಾರೆ. ಹತ್ತಕ್ಕೂ ಹೆಚ್ಚು ಔಷಧಿ ಗಿಡಗಳು. ನಮ್ಮ ಅಂಗಡಿಗಳಲ್ಲಿ ಮಾರುವ ಇಸಬಗೋಲಿನ ಕುಲದ ಗಿಡವೂ ಅವುಗಳಲ್ಲಿದೆ. ಬಲಕ್ಕೆ ಅದೇ ಅಂತೋಣಿಯನ್ನು ಹಲ್ಲು, ಕೊಂಬು, ಕೊಕ್ಕುಗಳ ದೆವ್ವಗಳು ಎಳೆದಾಡುತ್ತಿವೆ. ಮೂಲೆಯಲ್ಲಿ ಹೊಟ್ಟೆಯುಬ್ಬಿದ, ಮೈತುಂಬ ಹುಣ್ಣಿನ ಒಂದು ಆಕೃತಿ ಬಿದ್ದಿದೆ. ಅದು ದೆವ್ವವೋ ರೋಗಿಯೋ ಹೇಳಬರುವುದಿಲ್ಲ. ಇನ್ನೊಂದು ಮೂಲೆಯಲ್ಲಿ ಚೀಟಿಯೊಂದನ್ನು ಬರೆದಿದ್ದಾನೆ. ನಾನು ಹೀಗೆ ನರಳುವಾಗ ನೀನು ಎಲ್ಲಿದ್ದೆ ಎಂದು ದೇವರನ್ನೇ ಕೇಳುವ ದೂರು ಅದರಲ್ಲಿದೆ. ಪೂಜೆಯ ಜಾಗದಲ್ಲಿ ಇಂಥ ದೂರನ್ನು ಬರೆಯಲು ಆ ಮಠದವರು ಒಪ್ಪಿದರಲ್ಲ, ಅದು ನಮಗೆ ದೊಡ್ಡದಾಗಿ ಕಾಣುತ್ತದೆ. ಮಗನನ್ನು ಕಳೆದುಕೊಂಡವರ ಮನೆಗೆ ಹೋಗಿ ‘ಅಳಬೇಡಿ, ಎಲ್ಲ ಅವನಿಚ್ಛೆ’ ಎಂದು ಹೇಳಿ ಹತ್ತು ನಿಮಿಷದಲ್ಲಿ ಎದ್ದು ಬರುವ ನಾವು ಆ ದೂರಿಗೆ ಜಾಗ ಕೊಡುವುದೇ ಇಲ್ಲ.

ಕಥೆಯ ಉಳಿದ ಭಾಗವನ್ನು ಬೇಗ ಹೇಳಿಬಿಡುತ್ತೇವೆ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಹಲಗೆಗಳನ್ನು ಹತ್ತಿರದ ಕೋಲ್ಮಾರ್ ಪಟ್ಟಣಕ್ಕೆ ಸಾಗಿಸಿದರು. 1853ರಲ್ಲಿ ಅಲ್ಲಿ ತೆರೆದ ಉಂಟರ್‌ಲಿಂಡೆನ್ ಸಂಗ್ರಹಾಲಯದಲ್ಲಿ ಅವು ಇಂದಿಗೂ ಇವೆ. ಶಿಲೀಂಧ್ರದ ಗುಟ್ಟು ಹೊರಬಿದ್ದದ್ದೂ ಅದೇ ವರ್ಷ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಮ್ಯೂನಿಕ್ ನಗರಕ್ಕೆ ಕೊಂಡೊಯ್ದರು. ಯುದ್ಧ ಮುಗಿದ ಕಾಲದಲ್ಲಿ ಅಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಸಾಲುಗಟ್ಟಿ ಬಂದರು. ಕೈಕಾಲು ಕಳೆದುಕೊಂಡ ಸೈನಿಕರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅದರ ಮುಂದೆ ತಂದರು. ರೋಗ ಬೇರೆಯಾಗಿತ್ತು, ಶತಮಾನ ಬೇರೆಯಾಗಿತ್ತು. ನೋಡುವವರ ಪಾಡು ಅದೇ. 1919ರಲ್ಲಿ ಚಿತ್ರ ಕೋಲ್ಮಾರಿಗೆ ಮರಳಿತು. 2018ರಿಂದ 2022ರವರೆಗೆ ತಜ್ಞರು ಹಳದಿಗಟ್ಟಿದ ವಾರ್ನಿಶ್ ಪದರಗಳನ್ನು ತೆಳುವಾಗಿಸಿ ಶುಚಿಗೊಳಿಸಿದ್ದಾರೆ.

ಸ್ಥಾವರವನ್ನು ನೆಚ್ಚದ ಶರಣರ ಪರಂಪರೆಯವರಿಗೆ ಇನ್ನೊಂದು ಧರ್ಮದ ದೇವಚಿತ್ರದಿಂದ ಆಗಬೇಕಾದದ್ದೇನು ಎಂದು ಹಿರಿಯ ಸದ್ಭಕ್ತರು ಕೇಳಬಹುದು. ಪೂಜಿಸಲೆಂದು ನಾವು ಇದನ್ನು ತಂದಿಲ್ಲ. ನೋಡುವುದನ್ನು ಕಲಿಯಲೆಂದು ತಂದಿದ್ದೇವೆ. ಶೋಕದಲ್ಲಿದ್ದವನು ಒಂದು ನೋಟದಿಂದ ಎದ್ದು ನಿಂತ ಪ್ರಸಂಗ ನಮ್ಮಲ್ಲಿಯೇ ಇದೆ. ಹರಿಹರನ ಪ್ರಭುದೇವರ ರಗಳೆಯನ್ನು ನೆನೆಯಿರಿ. ಅಲ್ಲಮ ಮದ್ದಳೆ ಬಾರಿಸುವವನು. ಪ್ರೀತಿಯ ಮಡದಿ ಕಾಮಲತೆ ಜ್ವರದಿಂದ ತೀರಿಕೊಂಡಳು. ಹುಚ್ಚನಂತೆ ಅಲೆದು, ಒಂದು ಕಡೆ ಸುಮ್ಮನೆ ಕುಳಿತು ಕಾಲುಗುರಿನಿಂದ ನೆಲ ಕೆದಕುತ್ತಿದ್ದ. ಮಣ್ಣಿನಡಿ ಕಳಸದ ತುದಿ ಕಂಡಿತು. ಅಗೆಸಿದರೆ ಹುಗಿದುಹೋದ ಗುಡಿ. ಒಳಗೆ ಅನಿಮಿಷಯ್ಯನೆಂಬ ಯೋಗಿ, ಕರಸ್ಥಲದ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತಿದ್ದಾನೆ. ಹೆಸರೇ ಹೇಳುವಂತೆ ರೆಪ್ಪೆ ಮಿಟುಕಿಸದ ನೋಟ. ಒಂದು ಮಾತೂ ನಡೆಯಲಿಲ್ಲ. ಆ ಲಿಂಗ ಅಲ್ಲಮನ ಕೈಗೆ ಬಂತು. ಹರಿಹರ ಇಲ್ಲಿ ಅಲ್ಲಮನಿಗೆ ಯಾರಿಂದಲೂ ಉಪದೇಶ ಹೇಳಿಸುವುದಿಲ್ಲ, ದುಃಖ ಮರೆತುಬಿಡು ಎನ್ನಿಸುವುದಿಲ್ಲ. ದುಃಖದಲ್ಲಿ ನೆಲ ಕೆದಕಿದ ಜಾಗದಲ್ಲಿಯೇ ಗುಡಿ ಸಿಕ್ಕಿತು.

ಅಂಗೈಯ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಿಸುವ ಅಭ್ಯಾಸವಿರುವ ಮನೆಗಳಲ್ಲಿ ಹುಟ್ಟಿದವರು ನಾವು. ಒಂದೇ ವಸ್ತುವನ್ನು ಬಹಳ ಹೊತ್ತು ನೋಡುವ ವಿದ್ಯೆ ನಮಗೆ ಹೊಸದಲ್ಲ. ಉಳಿದ ಲೋಕ ಅದನ್ನು ಮರೆತಿದೆ. ನ್ಯೂಯಾರ್ಕಿನ ದೊಡ್ಡ ಸಂಗ್ರಹಾಲಯವೊಂದರಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಇಬ್ಬರು ಸಂಶೋಧಕರು ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು; ಅರ್ಧದಷ್ಟು ನೋಟಗಳು 17 ಸೆಕೆಂಡಿನೊಳಗೇ ಮುಗಿದಿದ್ದವು. ಅಡತಿ ಅಂಗಡಿಯಲ್ಲಿ ಜೋಳದ ಮಾದರಿ ನೋಡುವ ವ್ಯಾಪಾರಿ ಇದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾನೆ. ಕಾಳನ್ನು ಅಂಗೈಗೆ ಸುರಿದು, ಬೆಳಕಿಗೆ ಹಿಡಿದು, ಬೆರಳಿನಿಂದ ಸರಿಸಿ, ಮೂಸಿ, ಒಂದನ್ನು ಕಚ್ಚಿ ನೋಡುವನಲ್ಲ, ಚಿತ್ರವನ್ನೂ ಹಾಗೆಯೇ ನೋಡಬೇಕು.

ನೋಟದಿಂದ ದೇಹಕ್ಕೂ ಗುಣವಾಗುತ್ತದೆಯೇ ಎಂಬುದಕ್ಕೆ ಎಚ್ಚರದಿಂದ ಉತ್ತರಿಸಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ದಾಖಲೆಗಳನ್ನು ರಾಜರ್ ಉಲ್ರಿಕ್ ಎಂಬ ಸಂಶೋಧಕ ಪರಿಶೀಲಿಸಿದ. ಒಬ್ಬರಿಗೊಬ್ಬರು ಹೊಂದುವಂಥ 23 ಜೋಡಿ ರೋಗಿಗಳು. ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನೊಬ್ಬರ ಕಿಟಕಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರಿಗೆ ತೀವ್ರವಾದ ನೋವುನಿವಾರಕಗಳೂ ಕಡಿಮೆ ಸಾಕಾದವು. 1984ರಲ್ಲಿ ಇದು ಪ್ರಕಟವಾಯಿತು. ಅದು ಚಿತ್ರವಲ್ಲ, ಕಿಟಕಿ. ರೋಗಿಗಳ ಸಂಖ್ಯೆಯೂ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ನೋಡಿ, ಕಲೆಗಳಿಂದ ಆರೋಗ್ಯಕ್ಕೆ ಸಹಾಯವಿದೆ ಎಂದು ವರದಿ ಮಾಡಿದೆ. ಸಹಾಯ ಎಂದಿದೆ, ಬದಲಿ ಮದ್ದು ಎಂದಿಲ್ಲ. ಎದೆನೋವಿಗೆ, ಸಕ್ಕರೆ ಕಾಯಿಲೆಗೆ, ಬದುಕೇ ಬೇಡವೆನ್ನುವಂಥ ಮನಸ್ಸಿನ ಕಾಯಿಲೆಗೆ ವೈದ್ಯರಲ್ಲಿಗೇ ಹೋಗಬೇಕು. ಈಸೆನ್‌ಹೈಮಿನಲ್ಲಿಯೂ ರೊಟ್ಟಿ, ಲೇಪ, ಶಸ್ತ್ರವೈದ್ಯ ಇದ್ದ ಮೇಲೆ ಚಿತ್ರ.

ಇದನ್ನು ನಮ್ಮ ಮನೆಗೆ ತಂದುಕೊಳ್ಳುವುದು ಹೇಗೆ? ಚಿತ್ರವೆಂದರೆ ದುಬಾರಿ ವಸ್ತುವೆಂದು ಹೆದರಬೇಕಾಗಿಲ್ಲ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಚಿತ್ರಗಳು ಬಡವರ ಗೋಡೆಗೂ ಬಂದವು. ಇಂದು ಗೊಬ್ಬರದ ಅಂಗಡಿಯವರು ಕೊಡುವ ಕ್ಯಾಲೆಂಡರ್ ಇಲ್ಲದ ಪಡಸಾಲೆಯಿಲ್ಲ. ಆದರೆ ನಾವು ಅದರಲ್ಲಿ ನೋಡುವುದು ತಾರೀಖನ್ನು, ಅಮಾವಾಸ್ಯೆಯನ್ನು, ಹಾಲಿನ ಲೆಕ್ಕವನ್ನು. ಮೇಲಿನ ಚಿತ್ರ ಹನ್ನೆರಡು ತಿಂಗಳು ಅಲ್ಲಿಯೇ ಇದ್ದರೂ ಅದರಲ್ಲಿ ಎಷ್ಟು ಮರಗಳಿದ್ದವೆಂದು ಕೇಳಿದರೆ ಹೇಳಲಾರೆವು. ಒಂದೇ ಒಂದು ಚಿತ್ರವನ್ನು ಆರಿಸಿ, ಕುಳಿತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಹಾಕಿರಿ. ಬೆಳಗಿನ ಪೂಜೆಯಾದ ಮೇಲೋ, ದೀಪ ಹಚ್ಚಿದ ಮೇಲೋ ಕಾಲು ಗಂಟೆ ಸುಮ್ಮನೆ ಕುಳಿತು ನೋಡಿರಿ. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಸಾಲ, ಮಾರ್ಕೆಟ್ಟು, ಕೋರ್ಟಿನ ವಾಯಿದೆ ನೆನಪಾಗುತ್ತವೆ. ಏಳಬೇಡಿ. ಮುಖವನ್ನು ಬಿಟ್ಟು ಮೂಲೆಗಳನ್ನು ನೋಡಿರಿ. ಬೆಳಕು ಯಾವ ಕಡೆಯಿಂದ ಬಂದಿದೆ, ನೆರಳು ಎಲ್ಲಿ ಬಿದ್ದಿದೆ, ಕೈಗಳು ಏನು ಮಾಡುತ್ತಿವೆ ಎಂದು ಹುಡುಕಿರಿ. ಇದರ ಅರ್ಥವೇನು ಎಂಬ ಪ್ರಶ್ನೆಯನ್ನು ಅವಸರದಿಂದ ಕೇಳಬೇಡಿ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಇನ್ನೊಂದು ಕೆಲಸವಿದೆ. ಅವರು ಹೊರಸಿನ ಮೇಲಿಂದ ಎದ್ದಾಗ ನೀವೇ ಒಂದು ಗಳಿಗೆ ಅಲ್ಲಿ ಮಲಗಿ ನೋಡಿರಿ. ಅವರಿಗೆ ದಿನವಿಡೀ ಕಾಣುವುದು ತಗಡಿನ ಮಾಡೋ, ಬೀರುವಿನ ಬಾಗಿಲೋ, ಔಷಧದ ಬಾಟಲಿಗಳೋ ಎಂದು ಆಗ ತಿಳಿಯುತ್ತದೆ. ಹೊರಸನ್ನು ನಾಲ್ಕು ಮಾರು ಸರಿಸಿದರೆ ಬಾಗಿಲಿನಿಂದ ಬೇವಿನ ಮರ ಕಾಣಬಹುದು, ಕಟ್ಟಿದ ಎತ್ತು ಕಾಣಬಹುದು. ಹೊಲ ಮಾಡಿದವರಿಗೆ ಹೊಲವೇ ಬೇಕಾದೀತು. ಆಗ ಹೊಲದ ಒಂದು ಫೋಟೋ ತೆಗೆಸಿ ಕಾಲಬದಿಯ ಗೋಡೆಗೆ ಹಾಕಿರಿ. ಅವರಿಗೆ ಏನು ನೋಡಲು ಇಷ್ಟವೆಂದು ಮೊದಲು ಅವರನ್ನೇ ಕೇಳಿರಿ. ತೀರಿಕೊಂಡವರ ಫೋಟೋ ಕೇಳಿದರೆ, ಅಳುತ್ತಾರೆಂದು ಹೆದರಿ ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ. ತಂದುಕೊಡಿ, ಹತ್ತಿರ ಕುಳಿತುಕೊಳ್ಳಿ, ಅತ್ತರೆ ಅಳಲಿ.

ಬರುವ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಆಯಾ ಊರಿನ ಬಳಗದವರು ಈ ಪಾಠವನ್ನು ಓದಿ ನಡೆಸಬೇಕೆಂದು ಕೋರುತ್ತೇವೆ. ಈಸೆನ್‌ಹೈಮಿನ ಚಿತ್ರಗಳನ್ನು ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನಲ್ಲಿ ಹುಡುಕಿ ಕೊಡುತ್ತಾರೆ. ಹತ್ತಿರದ ಪಟ್ಟಣದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಹಿರಿಯರು ಮುಂದೆ ಕುಳಿತುಕೊಳ್ಳಲಿ. ಕಾಲು ಗಂಟೆ ಯಾರೂ ಮಾತಾಡಬಾರದು. ಆಮೇಲೆ ಒಬ್ಬೊಬ್ಬರು ತಮಗೆ ಕಂಡದ್ದನ್ನಷ್ಟೇ ಹೇಳಲಿ. ವ್ಯಾಖ್ಯಾನಕ್ಕೆ ಇಳಿದವರನ್ನು ಅಧ್ಯಕ್ಷತೆ ವಹಿಸಿದವರು ಮೆಲ್ಲಗೆ ತಡೆಯಲಿ. ಆ ದಿನ ಬಾಗಿಲು ಮುಚ್ಚಿದ ಚಿತ್ರವನ್ನು ಮಾತ್ರ ಇಡಿರಿ. ಬಾಗಿಲು ತೆರೆದದ್ದನ್ನು ಮುಂದಿನ ತಿಂಗಳ ಗೋಷ್ಠಿಗೆ ಇಟ್ಟುಕೊಳ್ಳಿ.